ನಕಲಾಗದೆ ಹೋದ ಮಾತು

ನನ್ನ ಕನ್ನಡ ಟೀಚರಿಗೆ ನಾನು ಒಂದು ಸುಳ್ಳು ಹೇಳಿದೆ. ಅದನ್ನು ಒಪ್ಪಿಕೊಳ್ಳಲು ಏಳು ತಿಂಗಳು ಹಿಡಿಯಿತು. ಇದನ್ನೆಲ್ಲ ಬರೆಯಬೇಕೆಂದು ಎಷ್ಟೋ ಸಲ ಕುಳಿತು, ಬರೆಯದೆ ಎದ್ದಿದ್ದೇನೆ.

ಎರಡು ಸಾವಿರದ ಆರನೇ ಇಸವಿಯ ಸುಮಾರಿಗೆ ನಾನು ಕುಂದಾಪುರದಲ್ಲಿ, ಒಂದು ಬಟ್ಟೆ ಅಂಗಡಿಯ ಮಹಡಿಯಲ್ಲಿದ್ದ ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಮಾಡುತ್ತಿದ್ದೆ. ಬರುವವರಲ್ಲಿ ಹೆಚ್ಚಿನವರಿಗೆ ಟೈಪಿಂಗ್ ಕಲಿತರೆ ಸಾಕಿತ್ತು. ಪ್ರೋಗ್ರಾಂ ಬರೆಯುವುದು ನನ್ನೊಬ್ಬಳ ಹುಚ್ಚು. ಟೀಚರ್ ಬ್ರಹ್ಮಾವರದಲ್ಲಿದ್ದರು. ಹೈಸ್ಕೂಲಿನಲ್ಲಿ ಮೂರು ವರ್ಷ ನನಗೆ ಕನ್ನಡ ಕಲಿಸಿದವರು. ಮದುವೆಯಾಗಿರಲಿಲ್ಲ. ನಿವೃತ್ತಿಯಾದ ಮೇಲೆ ಅವರು ಕುಂದಾಪ್ರ ಕನ್ನಡದ ಮಾತುಗಳನ್ನು ಸಂಗ್ರಹಿಸಲು ಶುರು ಮಾಡಿದ್ದರು. ಪುಸ್ತಕದಲ್ಲಿ ಬರೆದರೆ ಎಳೆತ, ಒತ್ತು ಸಿಗುವುದಿಲ್ಲವೆಂದು ಅಂಗೈಯಷ್ಟು ದೊಡ್ಡ ಒಂದು ರೆಕಾರ್ಡರ್ ಕೊಂಡಿದ್ದರು. ಅವರ ಮುಖ್ಯ ಆಕರ ಮನೆಯಲ್ಲೇ ಇತ್ತು: ಎಂಬತ್ತು ದಾಟಿದ ಅವರ ಅಮ್ಮ. ಮರವಂತೆಯಲ್ಲಿ ಹೊಳೆಯ ಬದಿ ತೆಂಗಿನ ಸಿಪ್ಪೆ ಕೊಳೆಹಾಕಿ, ಕೋಲಿನಿಂದ ಜಪ್ಪಿ, ನಾರು ತೆಗೆದು ಹಗ್ಗ ಹೊಸೆದು ಬದುಕಿದವರು. ಕಡಲು ಅಂಗಳದವರೆಗೆ ಬಂದ ವರ್ಷ ಟೀಚರ್ ಅಮ್ಮನನ್ನು ಬ್ರಹ್ಮಾವರಕ್ಕೆ ಕರೆತಂದಿದ್ದರು.

ಒಂದು ದಿನ ಟೀಚರ್ ಕ್ಲಾಸಿನ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದರು.

"ಹೆಣ್ಣೆ, ಒಂದ್ ಫೈಲ್ ನಾನೇ ಅಳಿಸ್‌ಬಿಟ್ಟೆ ಕಾಣ್. ಅಮ್ಮಂದ್. ನಾನ್ ನೆನಪಿಟ್ಕಂಡ್ ನಕಲ್ ಮಾಡುದಲ್ಲ, ಅದೇ ತನ್ನಷ್ಟಕ್ಕೆ ಇನ್ನೊಂದ್ ಕಡೆ ನಕಲ್ ಆಗು ಹಾಂಗೆ ಮಾಡುಕಾತ್ತಾ?"

"ಆತ್ತ್ ಟೀಚರ್. ನಾನ್ ಬರ್ದ್ ಕೊಡ್ತೆ" ಎಂದೆ. ಅವರಿಗಾಗಿ ಏನಾದರೂ ಮಾಡಲು ಸಿಕ್ಕಿತಲ್ಲ ಎಂಬ ಖುಷಿ ನನಗೆ.

ಕಂಪ್ಯೂಟರಿನಲ್ಲಿ ಇದಕ್ಕೊಂದು ದಾರಿ ಇದೆ. ಒಂದು ಫೋಲ್ಡರನ್ನು ತೋರಿಸಿ, "ಇದರಲ್ಲಿ ಏನಾದರೂ ಬದಲಾದರೆ ನನಗೆ ತಿಳಿಸು" ಎಂದು ಆಪರೇಟಿಂಗ್ ಸಿಸ್ಟಮ್ಮಿಗೇ ಕೇಳಿಕೊಳ್ಳಬಹುದು. ಅದಕ್ಕೆಂದೇ ಒಂದು ಸಿದ್ಧ ಆಜ್ಞೆ, ಅಂದರೆ ಫಂಕ್ಷನ್, ಕೊಟ್ಟಿದ್ದಾರೆ. ಜೊತೆಗೆ ನಾವು ಮೆಮೊರಿಯಲ್ಲಿ ಸ್ವಲ್ಪ ಖಾಲಿ ಜಾಗ ಕೊಡಬೇಕು, ಅದಕ್ಕೆ ಬಫರ್ ಎನ್ನುತ್ತಾರೆ. ಹೊಸ ಫೈಲ್ ಬಂದರೆ, ಇದ್ದದ್ದು ಅಳಿದರೆ, ಹೆಸರು ಬದಲಾದರೆ ಸಿಸ್ಟಮ್ ಆ ವಿಷಯವನ್ನು ಆ ಜಾಗದಲ್ಲಿ ಬರೆದಿಡುತ್ತದೆ. ನಮ್ಮ ಪ್ರೋಗ್ರಾಂ ಓದಿಕೊಂಡು, ಮಾಡುವ ಕೆಲಸ ಮಾಡಿ, ಮತ್ತೆ ಹೋಗಿ ಕೇಳಬೇಕು.

ಎರಡು ಭಾನುವಾರ ಬ್ರಹ್ಮಾವರಕ್ಕೆ ಹೋಗಿ ಟೀಚರ್ ಮನೆಯ ಕಂಪ್ಯೂಟರಿನ ಮುಂದೆ ಕುಳಿತೆ. ಮೊದಲ ದಿನ ಎಲ್ಲ ನಕಲುಗಳೂ ಖಾಲಿ ಖಾಲಿ. ಫೈಲ್ ಬರಲು ಶುರುವಾದ ಕ್ಷಣದಲ್ಲೇ ಸುದ್ದಿ ಬರುತ್ತದೆ, ಪೂರ್ತಿ ಬಂದ ಮೇಲಲ್ಲ ಎಂದು ನನಗೆ ತಿಳಿದಿರಲಿಲ್ಲ. ಫೈಲ್ ಪೂರ್ತಿಯಾಗುವವರೆಗೆ ಪ್ರೋಗ್ರಾಂ ಕಾಯುವ ಹಾಗೆ ತಿದ್ದಿದೆ. ಎರಡನೇ ಭಾನುವಾರ ಅಮ್ಮನ ಒಂದು ಮಾತನ್ನು ರೆಕಾರ್ಡ್ ಮಾಡಿ ಫೋಲ್ಡರಿಗೆ ಹಾಕಿದೆವು. ನಕಲು ಇಡಲೆಂದು ಪಕ್ಕದಲ್ಲಿಟ್ಟಿದ್ದ ಎರಡನೇ ಡಿಸ್ಕಿನ ದೀಪ ಮಿನುಗಿತು. ತೆರೆದು ಕೇಳಿದರೆ ಅಮ್ಮನ ದನಿ. ಪರದೆಯ ಮೂಲೆಯಲ್ಲಿ ಹಸಿರು ಅಕ್ಷರದಲ್ಲಿ "ನಕಲು ಮುಗಿದಿದೆ" ಎಂದು ಬರುವಂತೆ ಮಾಡಿದ್ದೆ. ಟೀಚರ್ ಅದನ್ನು ಎರಡು ಸಲ ಗಟ್ಟಿಯಾಗಿ ಓದಿದರು.

ಒಂದು ವಿಷಯ ನನಗೆ ಗೊತ್ತಿತ್ತು. ಆ ಫಂಕ್ಷನ್ನಿನ ವಿವರಣೆಯಲ್ಲಿ ಸ್ಪಷ್ಟವಾಗಿ ಬರೆದಿತ್ತು: ಪ್ರೋಗ್ರಾಂ ಓದುವುದರೊಳಗೆ ಬದಲಾವಣೆಗಳು ತುಂಬಾ ಬಂದರೆ ಬಫರಿನಲ್ಲಿ ಹಿಡಿಸುವುದಿಲ್ಲ. ಆಗ ಸಿಸ್ಟಮ್ ಆ ಸುದ್ದಿಯನ್ನೆಲ್ಲ ಬಿಟ್ಟುಬಿಡುತ್ತದೆ. ತಪ್ಪಾಯಿತು ಎಂದು ಹೇಳುವುದೂ ಇಲ್ಲ, ಸೊನ್ನೆ ಎಂದು ಲೆಕ್ಕ ಕೊಟ್ಟು ಸುಮ್ಮನಾಗುತ್ತದೆ. ಸೊನ್ನೆ ಬಂದಾಗ ಇಡೀ ಫೋಲ್ಡರನ್ನು ನಾವೇ ಮೊದಲಿನಿಂದ ನೋಡಿಕೊಳ್ಳಬೇಕು. ನಾನು ಆ ಪುಟವನ್ನು ಪ್ರಿಂಟ್ ತೆಗೆದು, ಆ ಸಾಲಿನ ಕೆಳಗೆ ಗೆರೆ ಎಳೆದಿದ್ದೆ. ಆಮೇಲೆ, ಟೀಚರ್ ದಿನಕ್ಕೆ ಹಾಕುವುದು ಐದೋ ಆರೋ ಫೈಲ್, ಅದಕ್ಕೆಲ್ಲ ಇದು ಬೇಡ, ಮುಂದೆ ನೋಡಿದರಾಯಿತು ಅಂದುಕೊಂಡೆ.

ಆ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ಅಮ್ಮ ಹಾಸಿಗೆ ಹಿಡಿದರು. ಬುದ್ಧಿ, ಮಾತು ಎರಡೂ ಸ್ವಚ್ಛವಾಗಿದ್ದವು, ಕಾಲು ಮಾತ್ರ ಏಳುತ್ತಿರಲಿಲ್ಲ. ಒಂದು ಮಧ್ಯಾಹ್ನ ನಾನು ಹೋಗಿದ್ದಾಗ ಟೀಚರ್ ಔಷಧಿ ತರಲು ಪೇಟೆಗೆ ಹೊರಟರು. "ಅಮ್ಮನತ್ರ ಕೂಕೊ, ಬೇಕಾರೆ ರೆಕಾರ್ಡ್ ಮಾಡ್" ಎಂದು ಹೋದರು. ನಾನು ರೆಕಾರ್ಡರ್ ಹಾಕಿ ಹಾಸಿಗೆಯ ಪಕ್ಕ ಇಟ್ಟೆ.

ಅಮ್ಮ ಸ್ವಲ್ಪ ಹೊತ್ತು ಅದನ್ನೇ ನೋಡಿದರು. "ಮಗಾ, ಇದ್ರೊಳ್ಗೆ ನಾನ್ ಹೇಳಿದ್ದೆಲ್ಲ ಉಳಿತ್ತಾ?"

"ಉಳಿತ್ತ್ ಅಮ್ಮ."

"ಹಂಗಾರೆ ಒಂದ್ ಹೇಳ್ತೆ. ನಾನ್ ಹೋದ್ ಮೇಲೆ ಅವಳ್ ಕೇಣಲಿ. ಈಗ ಬ್ಯಾಡ. ಈಗ ಕೇಂಡ್ರೆ ನನ್ ಮೋರೆ ಕಾಂತ್ಲ್. ನಂಗದ್ ತಡ್ಕಂಬುಕಾತಿಲ್ಲ."

ಆಮೇಲೆ ಅರ್ಧ ಗಂಟೆ ಅವರು ಹೇಳಿದ್ದು ಇದು. ಟೀಚರಿಗಿಂತ ಮೊದಲು ಅವರಿಗೊಂದು ಹೆಣ್ಣು ಮಗು ಇತ್ತು. ನಾಲ್ಕು ವರ್ಷದ್ದು. ಒಂದು ಬೆಳಿಗ್ಗೆ ಸಿಪ್ಪೆ ಜಪ್ಪುವಾಗ ಮಗು ಸೆರಗು ಎಳೆದು ಎಳೆದು ಕಾಡಿತು. ಅಮ್ಮ ಸಿಟ್ಟಿನಲ್ಲಿ ಬೆನ್ನಿಗೊಂದು ಹೊಡೆದು, "ನನ್ ಎದ್ರಿಗೆ ನಿಲ್ಬೇಡ, ಹೋಗ್" ಅಂದರು. ಮಗು ಅಳುತ್ತ ಹೋಯಿತು. ಹೊಳೆಯಲ್ಲಿ ಸಿಕ್ಕಿದ್ದು ಮಧ್ಯಾಹ್ನ. ಹೊಡೆದದ್ದನ್ನಾಗಲಿ, ಹೋಗು ಅಂದದ್ದನ್ನಾಗಲಿ ಅಮ್ಮ ಗಂಡನಿಗೂ ಹೇಳಿರಲಿಲ್ಲ. ಎರಡು ವರ್ಷದ ಮೇಲೆ ಟೀಚರ್ ಹುಟ್ಟಿದಾಗ ಮನೆಯವರು ಆ ಮಗುವಿನ ಹೆಸರನ್ನೇ ಇಟ್ಟರು. ಅಮ್ಮನಿಗೆ ಆ ಹೆಸರು ಹಿಡಿದು ಕರೆಯಲು ಬಾಯಿ ಬರಲಿಲ್ಲ. ಜೀವಮಾನವಿಡೀ ಮಗಳನ್ನು ಬರೀ "ಹೆಣ್ಣೆ" ಎಂದೇ ಕರೆದರು.

"ಅವ್ಳಿಗೆ ಬೇಜಾರ್ ಇತ್ತ್. ನಂಗ್ ಗೊತ್ತಿತ್ತ್" ಎಂದರು. ಆಮೇಲೆ ಆ ಹೆಸರನ್ನು ಕರೆದರು. ಮೊದಲ ಮಗುವನ್ನು ಹೊಳೆಬದಿಯಿಂದ ಊಟಕ್ಕೆ ಕರೆಯುತ್ತಿದ್ದ ಹಾಗೆ, ಕೊನೆಯ ಅಕ್ಷರವನ್ನು ಉದ್ದಕ್ಕೆ ಎಳೆದು, ಎರಡು ಸಲ. ಮೊದಲನೆಯದು ಆ ಮಗುವಿಗೆ, ಎರಡನೆಯದು ಇವಳಿಗೆ ಎಂದರು.

ಟೀಚರ್ ಬಂದಾಗ ನಾನು ಇಷ್ಟೇ ಹೇಳಿದೆ: "ಅಮ್ಮ ನಿಮ್ಗಂತ ಒಂದ್ ಮಾತ್ ಹೇಳಿಟ್ಟಿದ್ರ್. ಅವ್ರ್ ಹೋದ್ ಮೇಲೆ ಕೇಣ್ಕ್ ಅಂದಿದ್ರ್." ಟೀಚರ್ ಅಮ್ಮನ ಮುಖ ನೋಡಿ, ಆಯ್ತೆಂದು ತಲೆ ಆಡಿಸಿದರು.

ವಾರದ ಮೇಲೆ ಟೀಚರ್ ಒಂದು ಕೆಲಸ ಮಾಡಿದರು. ಕೊನೆಯ ಹತ್ತು ಹದಿನೈದು ದಿನಗಳ ಮಾತನ್ನೆಲ್ಲ ಕೂತು ಕತ್ತರಿಸಿ, ಒಂದೊಂದು ಶಬ್ದಕ್ಕೆ ಒಂದೊಂದು ತುಣುಕು ಮಾಡಿದರು. ಮುನ್ನೂರಕ್ಕೂ ಹೆಚ್ಚು. ಅವನ್ನೂ, ಕೇಳದೆ ಹಾಗೇ ಇಟ್ಟಿದ್ದ ಅಮ್ಮನ ಆ ಉದ್ದದ ಫೈಲನ್ನೂ ಒಂದೇ ಸಲಕ್ಕೆ ಫೋಲ್ಡರಿಗೆ ಹಾಕಿದರು. ಹಸಿರು ಅಕ್ಷರ ಬಂತು. ಅದನ್ನು ನಂಬಿ ರೆಕಾರ್ಡರಿನಲ್ಲಿದ್ದದ್ದನ್ನು ಅಳಿಸಿದರು. ಹಾಗೆ ಮಾಡಿ ಎಂದು ಹೇಳಿಕೊಟ್ಟವಳೂ ನಾನೇ.

ಅಮ್ಮ ಮುಂದಿನ ತಿಂಗಳು ಹೋದರು. ಹದಿಮೂರನೆಯ ದಿನದ ಕೆಲಸವೆಲ್ಲ ಮುಗಿದು, ನೆಂಟರು ಹೊರಟ ಮೇಲೆ ಟೀಚರ್ ಫೋನ್ ಮಾಡಿದರು.

"ಇವತ್ ಅಮ್ಮಂದ್ ಕೇಂತೆ ಅಂದ್ಕಂಡೆ. ಕಂಪ್ಯೂಟರ್ ಆನ್ ಆತಿಲ್ಲ. ಒಳಗೆ ಟಿಕ್ ಟಿಕ್ ಅಂತಿತ್ತ್."

ಕಂಪ್ಯೂಟರಿನ ಡಿಸ್ಕ್ ಹಾಳಾಗಿತ್ತು. ಉಪ್ಪು ಗಾಳಿಯೋ, ಕರೆಂಟು ಹೋಗಿ ಬಂದದ್ದೋ ಗೊತ್ತಿಲ್ಲ. ನನಗೆ ಗಾಬರಿಯೇನೂ ಆಗಲಿಲ್ಲ. "ಹೆದ್ರಬೇಡಿ ಟೀಚರ್, ಎರಡನೇ ಡಿಸ್ಕಲ್ಲಿ ಎಲ್ಲ ಇತ್ತ್" ಎಂದು ಹೇಳಿ, ಕ್ಲಾಸಿನ ಒಂದು ಕಂಪ್ಯೂಟರನ್ನೇ ಹೊತ್ತುಕೊಂಡು ರಿಕ್ಷಾದಲ್ಲಿ ಹೋದೆ.

ಡಿಸ್ಕ್ ಸಿಕ್ಕಿಸಿ ತೆರೆದೆ. ಹಳೆಯವೆಲ್ಲ ಇದ್ದವು. ಮುನ್ನೂರು ಹಾಕಿದ ದಿನದವುಗಳಲ್ಲಿ ಅರವತ್ತಮೂರು ತುಣುಕು ಮಾತ್ರ ಇದ್ದವು. ಆಮೇಲೆ ಏನೂ ಇರಲಿಲ್ಲ. ಮೊದಲು ಬಂದವುಗಳು ಪೂರ್ತಿಯಾಗಲೆಂದು ನನ್ನ ಪ್ರೋಗ್ರಾಂ ಕಾಯುತ್ತಿದ್ದಾಗ ಉಳಿದವುಗಳ ಸುದ್ದಿ ಬಂದು, ಹಿಡಿಸದೆ, ಬಿದ್ದುಹೋಗಿತ್ತು. ಸಿಸ್ಟಮ್ ಸೊನ್ನೆ ಕೊಟ್ಟಿತ್ತು. ಸೊನ್ನೆ ಎಂದರೆ ಇನ್ನೇನೂ ಬಾಕಿ ಇಲ್ಲ ಎಂದು ನನ್ನ ಪ್ರೋಗ್ರಾಂ ಹಸಿರು ಅಕ್ಷರ ತೋರಿಸಿತ್ತು.

ನಾನು ಮತ್ತೆ ಮತ್ತೆ ಮೇಲೆ ಕೆಳಗೆ ನೋಡುವುದನ್ನು ಕಂಡು ಟೀಚರಿಗೆ ಅರ್ಥವಾಯಿತು. ಕುರ್ಚಿಯ ತೋಳು ಹಿಡಿದು ಕುಳಿತರು.

"ಅಮ್ಮಂದ್ ಇಲ್ಯಾ?"

"ಇಲ್ಲ ಟೀಚರ್."

"ಇದ್ ಹಿಂಗೆ ತಪ್ಪಿ ಹೋತ್ತ್ ಅಂದ್ ನಿಂಗ್ ಮೊದ್ಲೇ ಗೊತ್ತಿದ್ದಿತಾ?"

"ಇಲ್ಲ ಟೀಚರ್. ನಂಗೆ ಗೊತ್ತಿರ್ಲಿಲ್ಲ."

ಎಷ್ಟು ಸಲೀಸಾಗಿ ಹೇಳಿದೆ ಎಂದು ಈಗಲೂ ಆಶ್ಚರ್ಯವಾಗುತ್ತದೆ. ಅವರು ನನ್ನ ಬೆನ್ನ ಮೇಲೆ ಕೈಯಿಟ್ಟು, "ಹೋಯ್ಲಿ ಬಿಡ್, ನೀನಾರೂ ಎಂತ ಮಾಡ್ತೆ" ಎಂದರು. ಅಮ್ಮನನ್ನು ಕಳೆದುಕೊಂಡು ಇನ್ನೂ ತಿಂಗಳಾಗದ ಹೆಂಗಸು ನನಗೆ ಸಮಾಧಾನ ಹೇಳುತ್ತಿದ್ದರು.

ಹಾಳಾದ ಡಿಸ್ಕನ್ನು ಮಂಗಳೂರಿಗೆ ಕೊಂಡುಹೋದೆ. ಅಲ್ಲಿಯವರು ಬೆಂಗಳೂರಿಗೆ ಕಳಿಸಿದರು. ಡಿಸ್ಕಿನ ಒಳಗಿನ ತಟ್ಟೆಯ ಮೇಲೆ ಗೀರು ಬಿದ್ದಿದೆ, ಏನೂ ಸಿಗುವುದಿಲ್ಲ ಎಂದು ಎರಡು ತಿಂಗಳ ಮೇಲೆ ವಾಪಸು ಬಂತು. ಆ ವಾರವೇ ನಾನು ಪ್ರೋಗ್ರಾಮನ್ನು ತಿದ್ದಿದೆ. ಸೊನ್ನೆ ಬಂದರೆ ಇಡೀ ಫೋಲ್ಡರನ್ನು ಓದಿ, ಎರಡು ಕಡೆ ಹೋಲಿಸಿ, ಇಲ್ಲದ್ದನ್ನು ನಕಲು ಮಾಡಬೇಕು. ಹದಿನಾಲ್ಕು ಸಾಲು. ಪರೀಕ್ಷಿಸಿ ನೋಡಿದ್ದೂ ಸೇರಿ ಒಂದು ಗಂಟೆ ಸಹ ಆಗಲಿಲ್ಲ. ಕ್ಲಾಸಿನ ಬಾಗಿಲು ಹಾಕಿಕೊಂಡು ಮೇಜಿನ ಮೇಲೆ ತಲೆಯಿಟ್ಟು ಅತ್ತೆ.

ಅಮ್ಮ ಏನು ಹೇಳಿದ್ದರೆಂದು ಟೀಚರ್ ನನ್ನನ್ನು ಕೇಳಲಿಲ್ಲ. ಅಮ್ಮನ ಬಾಯಿಂದ ಬರಬೇಕಾದದ್ದು ಎಂದೋ ಏನೋ. ನಾನೂ ಹೇಳಲಿಲ್ಲ. ಹೇಳಹೊರಟರೆ ಸುಳ್ಳು ಹೇಳಿದ್ದನ್ನೂ ಒಪ್ಪಿಕೊಳ್ಳಬೇಕಾಗುತ್ತದೆ ಎಂಬ ಹೆದರಿಕೆ. ಏಳು ತಿಂಗಳು ಒಂದಲ್ಲ ಒಂದು ನೆವ ಹೇಳಿ ಬ್ರಹ್ಮಾವರಕ್ಕೆ ಹೋಗುವುದನ್ನು ತಪ್ಪಿಸಿದೆ.

ಕೊನೆಗೆ ಮಳೆ ಶುರುವಾಗುವ ಮೊದಲು ಒಂದು ಬೆಳಿಗ್ಗೆ ಆ ಗೆರೆ ಎಳೆದ ಪುಟವನ್ನು ಚೀಲದಲ್ಲಿಟ್ಟುಕೊಂಡು ಬಸ್ ಹತ್ತಿದೆ. ಜಗಲಿಯಲ್ಲಿ ಟೀಚರ್ ಒಬ್ಬರೇ ಇದ್ದರು. ಪುಟವನ್ನು ಅವರ ಕೈಗೆ ಕೊಟ್ಟೆ.

"ಇದ್ರಲ್ಲಿ ಬರ್ದಿತ್ತ್ ಟೀಚರ್. ನಾನ್ ಓದಿದ್ದೆ. ಗೆರೆ ನಂದೇ. ಅವತ್ ನಿಮ್ಗೆ ಸುಳ್ ಹೇಳ್ದೆ."

ಅವರು ಕನ್ನಡಕ ಹಾಕಿಕೊಂಡು ಆ ಇಂಗ್ಲಿಷ್ ಸಾಲನ್ನು ನಿಧಾನವಾಗಿ ಓದಿದರು. ಮಡಚಿ ನನಗೆ ವಾಪಸು ಕೊಟ್ಟರು.

"ಅಮ್ಮ ಎಂತ ಹೇಳಿದ್ಲ್?" ಎಂದರು ಆಮೇಲೆ.

ಹೇಳಿದೆ. ಮಗು, ಸೆರಗು, ಹೊಡೆತ, ಹೊಳೆ, ಹೆಸರು, ಒಂದನ್ನೂ ಬಿಡಲಿಲ್ಲ. ತನಗೊಬ್ಬಳು ಅಕ್ಕ ಇದ್ದಳೆಂದು ಟೀಚರಿಗೆ ಗೊತ್ತಿತ್ತು, ಹೆಸರು ಒಂದೇ ಎಂದು ಗೊತ್ತಿರಲಿಲ್ಲ. ಅರವತ್ತು ದಾಟಿದ ಆ ಹೆಂಗಸು ಸೆರಗನ್ನು ಬಾಯಿಗೆ ಒತ್ತಿ ಹಿಡಿದುಕೊಂಡರು. "ನನ್ ಹೆಸ್ರ್ ಅಮ್ಮನಿಗ್ ಇಷ್ಟ ಇಲ್ಲ ಅಂದ್ಕಂಡಿದ್ದೆ. ಸಣ್ಣಕಿಪ್ಪಾಗ ನಾನೇ ಇಷ್ಟ ಇಲ್ಲ ಅಂದ್ಕಂಡಿದ್ದೆ" ಎಂದರು.

ಆಮೇಲೆ ಕೇಳಿದರು: "ಹ್ಯಾಂಗ್ ಕರೆದ್ಲ್? ನೀ ಕರಿ ಕಾಂಬ."

ಕರೆದೆ. ಟೀಚರ್ ತಲೆ ಅಲ್ಲಾಡಿಸಿದರು. "ಅಲ್ಲ. ಅದ್ ನಿನ್ ಸ್ವರ." ಇನ್ನೊಮ್ಮೆ ಕರೆದೆ, ಎಳೆದು. ಅವರು ಎದ್ದು ಒಳಗೆ ಹೋದರು. ಅರ್ಧ ಗಂಟೆ ಕಾದೆ. ಬರಲಿಲ್ಲ. ಚಪ್ಪಲಿ ಹಾಕಿಕೊಂಡು ಹೊರಟೆ.

ಮೂರು ತಿಂಗಳು ಸುದ್ದಿಯಿಲ್ಲ. ಆಮೇಲೆ ಅವರೇ ಫೋನ್ ಮಾಡಿ, ಯಾವುದೋ ಕಾಗದ ಟೈಪ್ ಮಾಡಿಕೊಡು ಎಂದರು. ಹೋದೆ. ಹೊರಡುವಾಗ ಬಾಗಿಲಲ್ಲಿ ನಿಂತು, "ಒಂದ್ ಸಲ ಕರಿ" ಎಂದರು. ಮುಂದಿನ ನಾಲ್ಕೈದು ವರ್ಷ ಹೋದಾಗಲೆಲ್ಲ ಹೀಗೆ ಕೇಳಿದರು. ಮೊದಮೊದಲು ಕರೆಯುವಾಗ ಅಮ್ಮನ ದನಿ ನನ್ನ ಕಿವಿಯಲ್ಲಿ ಇರುತ್ತಿತ್ತು, ಅದಕ್ಕೆ ಹೊಂದಿಸಿಕೊಂಡು ಕರೆಯುತ್ತಿದ್ದೆ. ಕರೆದು ಕರೆದು ಅದು ಮಸುಕಾಯಿತು. ಯಾವಾಗ ಪೂರ್ತಿ ಹೋಯಿತೋ ತಿಳಿಯಲಿಲ್ಲ. ಅಮ್ಮನ ಬೇರೆ ತುಣುಕುಗಳಿವೆ, ಹಗ್ಗದ ಮಾತು, ಮೀನಿನ ಮಾತು, ಹೊಳೆಯ ಮರಳಿನ ಮಾತು. ಅವನ್ನು ಹಾಕಿ ಕೇಳಿದರೂ ಆ ಕರೆ ಹೇಗಿತ್ತೆಂದು ನೆನಪಿಗೆ ಬರುವುದಿಲ್ಲ. ಇದನ್ನು ಟೀಚರಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ. ಬರೀ ನನ್ನ ದನಿಯಲ್ಲೇ ಕರೆದು ಬರುತ್ತಿದ್ದೆ.

ಟೀಚರ್ ಮತ್ತೆ ಯಾರ ಮಾತನ್ನೂ ರೆಕಾರ್ಡ್ ಮಾಡಲಿಲ್ಲ. ಶಬ್ದಗಳ ಪಟ್ಟಿ ನಾಲ್ಕು ನೋಟ್ ಪುಸ್ತಕಗಳಲ್ಲಿ ಹಾಗೇ ಉಳಿಯಿತು.

ಒಂದು ಸಂಜೆ ಹೋಗಿದ್ದಾಗ ಚಹಾ ಕೊಟ್ಟರು, ಮಂಡಿ ನೋವಿನ ಮಾತಾಡಿದರು, ಗೇಟಿನವರೆಗೆ ಬಂದರು, "ಒಂದ್ ಸಲ ಕರಿ" ಎನ್ನಲಿಲ್ಲ. ಮರೆತರೋ, ಸಾಕೆನಿಸಿತೋ, ನನ್ನ ಹತ್ತಿರ ಏನೂ ಉಳಿದಿಲ್ಲವೆಂದು ತಿಳಿದೇಬಿಟ್ಟಿತೋ, ನಾನು ಕೇಳಲಿಲ್ಲ. "ಬತ್ತೆ ಟೀಚರ್" ಎಂದೆ. "ಹ್ಞಾಂ, ಜಾಗ್ರತೆ ಹೋಗ್" ಎಂದರು.