ಉಳಿಸಿಟ್ಟ ಬಲಗೈ

ಟೇಪಣ್ಣನ ಬಲದೋಳು ಮೊದಲ ಸಲ ಅದುರಿದ್ದು ಯಾರದೋ ಕೋಟಿನ ಕಾಲರ್ ಕತ್ತರಿಸುವಾಗ. ಚರ್ಮದ ಕೆಳಗೆ ಏನೋ ಪಟಪಟ ಎಂದಿತು, ನಿಂತಿತು, ಮತ್ತೆ ಶುರುವಾಯಿತು. ಬೇರೆಯವರಾಗಿದ್ದರೆ ತೋಳು ಉಜ್ಜಿಕೊಂಡು ಕೆಲಸ ಮುಂದುವರಿಸುತ್ತಿದ್ದರು. ಆದರೆ ಇವನ ಅಣ್ಣನಿಗೆ ನರದ ರೋಗ ಶುರುವಾದದ್ದೇ ಹೀಗೆ. ಮೊದಲು ತೋಳು ಅದುರಿತು, ಆಮೇಲೆ ಕೈ ಬತ್ತಿತು, ಕೊನೆಗೆ ಬಾಯಿ ಒರೆಸಲೂ ತಮ್ಮನೇ ಬೇಕಾಯಿತು. ಅದನ್ನು ಕಣ್ಣಾರೆ ಕಂಡವನಿಗೆ ಹೆದರಬೇಡ ಎನ್ನುವುದು ಸುಲಭವಲ್ಲ, ಒಪ್ಪಬೇಕಾದ ಮಾತು.

ಕೊರಳಲ್ಲಿ ಸದಾ ಅಳತೆಪಟ್ಟಿ ನೇತಾಡುತ್ತಿದ್ದುದರಿಂದ ಬೀದಿಯವರು ಈ ದರ್ಜಿಗೆ ಇಟ್ಟ ಹೆಸರು ಟೇಪಣ್ಣ. ಈಗ ಆ ಟೇಪಿಗೆ ಹೊಸ ಗಿರಾಕಿ ಸಿಕ್ಕಿತು, ಅವನದೇ ತೋಳು. ಎದ್ದ ಕೂಡಲೇ ಬಲದೋಳಿಗೆ ಸುತ್ತಿ ನೋಡುವುದು, ಎಡದೋಳಿಗೆ ಸುತ್ತಿ ನೋಡುವುದು. ಆಮೇಲೆ ಕನ್ನಡಿಯೆದುರು ನಾಲಿಗೆ ಚಾಚಿ, ಅದೂ ಅದುರುತ್ತಿದೆಯೇ ಎಂದು ಕಾಯುವುದು.

"ಯಾರನ್ನ ಅಣಕಿಸ್ತಿದ್ದೀರಿ?" ಎಂದು ಹೆಂಡತಿ ಮೊದಮೊದಲು ನಕ್ಕಳು. ಆಮೇಲೆ ನಗುವುದನ್ನು ಬಿಟ್ಟಳು.

ಅನುಮಾನ ದೊಡ್ಡ ರೋಗ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಡಾಕ್ಟರ ಬಳಿ ಹೋದರೆ ರೋಗ ನಿಜವಾಗಿಬಿಡುತ್ತದೆ ಎಂಬ ಭಯಕ್ಕೆ ಟೇಪಣ್ಣ ತಾನೇ ಒಂದು ಮದ್ದು ಕಂಡುಹಿಡಿದ. ದರ್ಜಿಯ ತಲೆಗೆ ಮಾತ್ರ ಹೊಳೆಯುವಂಥದ್ದು.

"ಬಟ್ಟೆ ಬಳಸಿದಷ್ಟೂ ಸವೆಯುತ್ತೆ. ಕೈಯೂ ಅಷ್ಟೇ. ಇರೋದನ್ನ ಉಳಿಸ್ಕೋಬೇಕು" ಎಂದು ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದ. ಪಕ್ಕದಲ್ಲಿ ಮಗಳೂ ಕೂತಿದ್ದಳು. ಅವಳಿಗೆ ಹತ್ತು ವರ್ಷ, ಎಲ್ಲವೂ ಕೇಳಿಸುವ ವಯಸ್ಸು.

ಅಂದಿನಿಂದ ಬಕೆಟ್ಟು ಎತ್ತುವುದು ಎಡಗೈ, ಬಾಗಿಲು ತೆರೆಯುವುದು ಎಡಗೈ. ಬಲಗೈ ಮಡಿಲಲ್ಲಿ ಎಳೆಗೂಸಿನಂತೆ ಮಲಗಿತು. ಕತ್ತರಿ ಹೆಂಡತಿಯ ಕೈಗೆ ಬಂತು. ಅಂಚು ಹೊಲಿಯುವುದಷ್ಟೇ ಗೊತ್ತಿದ್ದ ಅವಳು ಕೋಟು ಕತ್ತರಿಸಿದರೆ ಏನಾಗಬೇಕೋ ಅದೇ ಆಯಿತು. ಗಿರಾಕಿಗಳು ಒಬ್ಬೊಬ್ಬರಾಗಿ ಪಕ್ಕದ ಬೀದಿಯ ಅಂಗಡಿಗೆ ನಡೆದರು.

ಕೆಲಸವಿಲ್ಲದ ತೋಳು ಸಣ್ಣಗಾಗದೆ ದಪ್ಪವಾದೀತೆ? ಒಂದು ಬೆಳಗ್ಗೆ ಟೇಪು ಮುಕ್ಕಾಲು ಇಂಚು ಕಡಿಮೆ ತೋರಿಸಿತು. ಟೇಪಣ್ಣ ಮಂಚದ ಮೇಲೆ ಕುಸಿದು ಕೂತ.

"ನೋಡು, ಶುರುವಾಯ್ತು. ಅಣ್ಣನದೇ ದಾರಿ" ಎಂದ. ದನಿಯಲ್ಲಿ ಭಯದ ಜೊತೆಗೆ, ತಾನು ಹೇಳಿದ್ದೇ ಸರಿಯಾಯಿತು ಎಂಬ ಹಟವೂ ಇತ್ತು. ಹೆಂಡತಿಗೆ ಸಿಟ್ಟು ಬಂದದ್ದು ಅದಕ್ಕೇ. ಅವಳು ಅವನ ಎಡಗೈ ಹಿಡಿದು ಆಸ್ಪತ್ರೆಗೆ ಎಳೆದುಕೊಂಡು ಹೋದಳು.

ಡಾಕ್ಟರು ಮಂಡಿಗೆ ಸುತ್ತಿಗೆಯಿಂದ ತಟ್ಟಿದರು, ತೋಳಿಗೆ ಸೂಜಿ ಚುಚ್ಚಿ ಯಂತ್ರದಲ್ಲಿ ನೋಡಿದರು.

"ನಿಮ್ಮ ಅಣ್ಣನ ಕಾಯಿಲೆ ನಿಮಗಿಲ್ಲ. ಹೀಗೆ ಅದುರೋದು ಎಷ್ಟೋ ಜನಕ್ಕೆ ಇರುತ್ತೆ. ತೋಳನ್ನ ಒಣಗಿಸಿದ್ದು ರೋಗ ಅಲ್ಲ, ನೀವು. ಹೋಗಿ ಕತ್ತರಿ ಹಿಡೀರಿ" ಎಂದರು.

ಹೆಂಡತಿ ಹೊರಗೆ ಬಂದು ಗೋಡೆಗೊರಗಿ ಸಮಾಧಾನದಿಂದ ಅತ್ತಳು. ಟೇಪಣ್ಣ ನಕ್ಕ. ಆದರೆ ಬಸ್ಸು ಹತ್ತುವಷ್ಟರಲ್ಲಿ ಅಣ್ಣನ ಮೊದಲ ಡಾಕ್ಟರ ನೆನಪಾಯಿತು. ಅವರೂ ಏನೂ ಇಲ್ಲ ಎಂದೇ ಹೇಳಿದ್ದರು.

ಅದೇ ವಾರ ಮಗಳ ಶಾಲೆಯಿಂದ ಕರೆ ಬಂತು. ಟೇಪಣ್ಣ ಹೋದ. ಟೀಚರು ಬಾಗಿಲು ಮುಚ್ಚಿ, ತಗ್ಗಿದ ದನಿಯಲ್ಲಿ ಕೇಳಿದರು.

"ಮನೇಲಿ ಯಾರಾದ್ರೂ ಇವಳ ಕೈಗೆ ಹೊಡೀತಾರಾ? ಬಲಗೈ ಎತ್ತೋದೇ ಇಲ್ಲ. ಎಡಗೈಲಿ ಬರೀತಾಳೆ, ಒಂದಕ್ಷರ ಓದೋಕಾಗಲ್ಲ. ಆಟಕ್ಕೂ ಹೋಗಲ್ಲ."

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎನ್ನುತ್ತಾರೆ. ಇವಳು ಅಪ್ಪನ ನೂಲು ಹಿಡಿದಿದ್ದಳು. ಟೇಪಣ್ಣ ಮನೆಗೆ ಬಂದವನೇ ಮಗಳನ್ನು ಎದುರಿಗೆ ಕೂರಿಸಿಕೊಂಡ.

"ಯಾಕಮ್ಮ ಹೀಗೆ?"

"ಉಳಿಸ್ತಾ ಇದ್ದೀನಿ. ದೊಡ್ಡಪ್ಪಂಗೆ ಬಂತು, ನಿಂಗೆ ಬಂತು. ಮುಂದೆ ನಂಗೇ ಅಲ್ವಾ?"

"ನಂಗೇನೂ ಇಲ್ಲ ಪುಟ್ಟಿ. ಡಾಕ್ಟ್ರೇ ನೋಡಿ ಹೇಳಿದ್ರು. ಕೈ ಬಳಸಿದ್ರೆ ಸವೆಯಲ್ಲ. ನಾನು ಹೇಳಿದ್ದು ತಪ್ಪು."

ಮಗಳು ಅವನ ಮುಖ ನೋಡಲಿಲ್ಲ, ಮಡಿಲು ನೋಡಿದಳು. ಬಲಗೈ ಅಲ್ಲೇ ಮಲಗಿತ್ತು.

"ಹಾಗಾದ್ರೆ ಅದನ್ನ ಎತ್ತು" ಎಂದಳು.

ಎತ್ತಬೇಕೆಂದುಕೊಂಡ. ಅಷ್ಟರಲ್ಲಿ ತೋಳು ಪಟಪಟ ಎಂದಿತು.

"ನಾಳೆಯಿಂದ" ಎಂದ.

ಮಗಳು ಅರ್ಥವಾದವಳಂತೆ ತಲೆಯಾಡಿಸಿದಳು. "ಸರಿ, ನಾನೂ ನಾಳೆಯಿಂದ" ಎಂದು ಎಡಗೈಯಿಂದ ಪುಸ್ತಕ ತೆರೆದಳು.