ಹುಳದ ಕಾಲಿಗೆ ಕಡಗ

ಕಡಲಾಚೆಯ ದ್ವೀಪದೂರು ಕಮಾಸಾನಿನ ಚಿತ್ರಗಾರರ ಕೇರಿಯಲ್ಲಿ ಗೆರೆ ಎಳೆಯುವವರು ಗಂಡಸರು, ಬಣ್ಣ ತುಂಬುವವರು ಹೆಂಗಸರು. ನೆಂಗಾ ರಿಂತಿ ಹನ್ನೆರಡನೆಯ ವಯಸ್ಸಿನಿಂದ ಬಣ್ಣ ತುಂಬುತ್ತ ಬಂದವಳು. ಈಗ ಅವಳಿಗೆ ಅರವತ್ತೊಂದು. ಗೆರೆ ಅಣ್ಣ ವಯಾನ್ ಸುಮರನದು, ಚಿತ್ರದ ಮೂಲೆಯಲ್ಲಿ ಬರೆಯುವ ಹೆಸರೂ ಅವನದೇ. ಅವಳು ಆ ಬಗ್ಗೆ ಎಂದೂ ತಕರಾರು ಎತ್ತಿರಲಿಲ್ಲ. ಹತ್ತೊಂಬತ್ತಕ್ಕೆ ಮದುವೆಯಾಗಿ, ಒಂಬತ್ತು ವರ್ಷ ಮಕ್ಕಳಾಗದೆ, ಗಂಡ ಇನ್ನೊಬ್ಬಳನ್ನು ತಂದ ಮೇಲೆ ಬಟ್ಟೆಗಂಟು ಹೊತ್ತು ಮರಳಿದವಳಿಗೆ ಅಣ್ಣನ ಜಗಲಿಯಲ್ಲಿ, ಬಣ್ಣದ ಚಿಪ್ಪುಗಳ ಮುಂದೆ ಒಂದು ಚಾಪೆ ಸಿಕ್ಕಿತ್ತು. ಅಷ್ಟೇ ಸಾಕೆಂದುಕೊಂಡು ಕೂತವಳು ಅಲ್ಲೇ ಮುದುಕಿಯಾದಳು.

ಆ ವರ್ಷ ಮಳೆಗಾಲ ಮುಗಿದ ಮೇಲೆ ಗುಡಿಯ ಪೂಜಾರಿ ತಲೆಯ ಮೇಲೊಂದು ಬಿದಿರಬುಟ್ಟಿ ಹೊತ್ತು ಬಂದರು.

"ರಿಂತಿ, ನೋಡಮ್ಮ. ಇದರೊಳಗೆ ಇಲಿ ಸಂಸಾರ ಹೂಡಿತ್ತು."

ಬುಟ್ಟಿಯಲ್ಲಿದ್ದದ್ದು ಗುಡಿಯ ಹುಟ್ಟುಹಬ್ಬಕ್ಕೆ ಸೂರಿನ ಸುತ್ತ ಕಟ್ಟುತ್ತಿದ್ದ ಉದ್ದನೆಯ ಚಿತ್ರಪಟ. ತಂದೆ ಪಾಂಡುವನ್ನೂ ಮಾದ್ರಿಯನ್ನೂ ಬಿಡಿಸಿ ತರಲು ಭೀಮ ನರಕಕ್ಕೆ ಹೋದ ಕಥೆ. ಹತ್ತು ವರ್ಷದ ಹಿಂದೆ ಯಾರೋ ಪೇಟೆಯಿಂದ ಅಚ್ಚಿನ ಬಟ್ಟೆ ತಂದುಕೊಟ್ಟಿದ್ದರು, ಆಗ ಮಡಚಿಟ್ಟದ್ದನ್ನು ಯಾರೂ ಬಿಚ್ಚಿರಲಿಲ್ಲ.

"ಪೇಟೆ ಬಟ್ಟೆ ಬಿಳುಚಿ ಹೋಯ್ತು," ಎಂದರು ಪೂಜಾರಿ. "ಹಬ್ಬಕ್ಕೆ ಮೂರು ತಿಂಗಳಿದೆ. ಇದಕ್ಕೇ ಬಣ್ಣ ಹಚ್ಚಿ ಕೊಡ್ತೀಯೋ, ಹೊಸದು ಬರೆದು ಇದನ್ನ ಸುಡೋಣವೋ, ನಿಂಗೆ ಬಿಟ್ಟದ್ದು."

ಸುಮರ ಕಂಬಕ್ಕೊರಗಿ ಕೂತಿದ್ದ. ಎರಡು ವರ್ಷದಿಂದ ಅವನ ಕೈ ನಡುಗುತ್ತಿತ್ತು. ಕಾಫಿ ಲೋಟಕ್ಕೂ ಎರಡು ಕೈ ಬೇಕಾಗಿತ್ತು.

"ಹೊಸದಕ್ಕೆ ಗೆರೆ ಎಳೆಯೋರು ಯಾರು? ಮೇಲೆ ಬಣ್ಣ ಹಚ್ಚಿ ಮುಗಿಸು," ಎಂದ. "ಅಪ್ಪನೂ ಹಾಗೇ ಮಾಡ್ತಿದ್ದ. ಅದು ದೇವರು ನೋಡೋ ಬಟ್ಟೆ, ದೇವರಿಗೆ ಹಳೇದು ಹೊಸದು ಅಂತ ಇದೆಯಾ?"

"ಇಲ್ಲದಿದ್ರೆ ಹೀಗೇ ಕಟ್ಟಿಬಿಡೋಣ, ನಂಗೆ ಕೆಲಸ ಉಳೀತದೆ," ಎಂದಳು ರಿಂತಿ. ಪೂಜಾರಿ ನಕ್ಕು ಬುಟ್ಟಿ ಬಿಟ್ಟು ಹೋದರು.

ಮರುದಿನ ಬೆಳಗ್ಗೆ ಅವಳು ಪಟವನ್ನು ಜಗಲಿಯುದ್ದಕ್ಕೂ ಹಾಸಿದಳು. ಅಂಚು ಹರಿದಿತ್ತು, ಅಲ್ಲಲ್ಲಿ ನೀರಿನ ಕಲೆ. ಆದರೆ ಬಣ್ಣಗಳು ಕಲ್ಲು, ಮೂಳೆ, ಮಸಿಯಿಂದ ಅರೆದವು. ಮಾಸಿದ್ದವೇ ಹೊರತು ಸತ್ತಿರಲಿಲ್ಲ. ಒಂದೇ ಕಡೆ ಕಣ್ಣಿಗೆ ಹೊಡೆಯುವ ಹಸಿರು ಹಕ್ಕಳೆ ಎದ್ದು ನಿಂತಿತ್ತು. ಆ ಹಸಿರನ್ನು ಅವಳು ತಕ್ಷಣ ಗುರುತು ಹಿಡಿದಳು. ಹದಿನಾಲ್ಕು ವರ್ಷದವಳಿದ್ದಾಗ, ಹಬ್ಬದ ಗಡಿಬಿಡಿಯಲ್ಲಿ, ಅಣ್ಣ ಸಂತೆಯಿಂದ ಡಬ್ಬಿ ಬಣ್ಣ ತಂದು, "ಹುಳ ಅಂದ್ರೆ ಹಸಿರು, ಬಳಿ" ಎಂದಿದ್ದ. ಅವಳು ಬಳಿದಿದ್ದಳು.

ಅದು ನರಕದ ಕಂಬಳಿಹುಳ. ಮಕ್ಕಳಿಲ್ಲದೆ ಸತ್ತ ಹೆಂಗಸು ಅಲ್ಲಿ ಆ ಹುಳಕ್ಕೆ ಮೊಲೆಯೂಡಿಸುತ್ತ ಕೂರಬೇಕು. ಗಂಡನ ಮನೆಯಲ್ಲಿದ್ದಾಗ ಓರಗಿತ್ತಿಯರು ಅನ್ನ ಬಡಿಸುತ್ತಲೇ, "ಜಾಸ್ತಿ ತಿನ್ನು ರಿಂತಿ, ಸತ್ತ ಮೇಲೆ ಹುಳ ಹಸಿದು ಕಾಯ್ತಾ ಇರ್ತದೆ" ಅನ್ನುತ್ತಿದ್ದರು. ಎಲ್ಲರೂ ನಗುವಾಗ ಇವಳೂ ನಕ್ಕು ತಟ್ಟೆ ಖಾಲಿ ಮಾಡುತ್ತಿದ್ದಳು.

ಬಿದಿರ ಸೀಳಿನ ತುದಿಯಿಂದ ಹಸಿರನ್ನು ಎಬ್ಬಿಸತೊಡಗಿದಳು. ಸಾಸಿವೆಯಷ್ಟು ಎಬ್ಬಿಸಿ ಊದುವುದು, ಮತ್ತೆ ಸಾಸಿವೆಯಷ್ಟು. ಆರನೆಯ ದಿನ ಒಳಗಿನ ಹುಳ ಪೂರ್ತಿ ಕಂಡಿತು. ಅದು ಹಸಿರಲ್ಲ. ಎಣ್ಣೆ ಹಚ್ಚಿ ಬಿಸಿಲಿಗೆ ಮಲಗಿಸಿದ ಕೂಸಿನ ಮೈಯಂಥ ತಿಳಿ ಹಳದಿ. ಸಾಲುಗಾಲುಗಳಲ್ಲಿ ಮುಂದಿನೆರಡಕ್ಕೆ ಮೂಳೆಬಿಳುಪಿನ ಸಣ್ಣ ಬಳೆ. ಮೂರು ತಿಂಗಳ ಶಾಸ್ತ್ರದ ದಿನ ಕೂಸಿಗೆ ತೊಡಿಸುವ ಬೆಳ್ಳಿ ಕಡಗ! ಅದಕ್ಕೆ ಕಪ್ಪು ಗೆರೆಯ ಅಂಚಿರಲಿಲ್ಲ. ಗೆರೆಯವನು ಹೇಳದ್ದನ್ನು ಬಣ್ಣದವಳು ಸುಮ್ಮನೆ ಸೇರಿಸಿದ್ದಳು.

ಬಣ್ಣದವಳು ಯಾರೆಂದು ರಿಂತಿಗೆ ಗೊತ್ತಿತ್ತು. ಅಪ್ಪನ ಸೋದರತ್ತೆ, ಚೆನಿಕಜ್ಜಿ. ಮಕ್ಕಳಿರಲಿಲ್ಲ. ಹಿಂದಿನ ಕೋಣೆಯಲ್ಲಿದ್ದು ಮನೆಯ ಪಟಗಳಿಗೆಲ್ಲ ಬಣ್ಣ ತುಂಬುತ್ತಿದ್ದವಳು, ರಿಂತಿಗೆ ಒಂಬತ್ತಾದಾಗ ಸತ್ತಳು. ಮುಂದೆ ನಿಂತು ಸುಡುವವರಿಲ್ಲದ ಹೆಣವನ್ನು ಅಲ್ಲಿ ಅಲ್ಲಿಯವರೆಗೆ ಹೂಳಿಡುತ್ತಾರೆ; ಹಾಗೆ ಮಣ್ಣಿನಲ್ಲಿ ಐದು ವರ್ಷ ಕಾದು, ಊರೊಟ್ಟಿನ ದಹನದಲ್ಲಿ ಹದಿಮೂರು ಜನರ ಜೊತೆ ಹದಿನಾಲ್ಕನೆಯವಳಾಗಿ ಹೋದಳು. ಅವಳ ಹೆಸರು ಕೂಗುವುದನ್ನು ಅವತ್ತು ಮರೆತಿದ್ದರು.

ರಿಂತಿ ಅಣ್ಣನನ್ನು ಕರೆದು ತೋರಿಸಿದಳು. ಅವನು ಕನ್ನಡಕ ಏರಿಸಿ ಬಹಳ ಹೊತ್ತು ಬಗ್ಗಿ ನೋಡಿದ.

"ನಾನೇ ಬಳಿಯೋಕೆ ಹೇಳಿದ್ದು, ಅಲ್ವಾ?"

"ಹೇಳಿದ್ದು ನೀನು. ಬಳಿದವಳು ನಾನು."

"ಈಗ ಏನು ಮಾಡ್ತೀಯ?"

ಮೇಲೆ ಬಣ್ಣ ಹಚ್ಚಿದರೆ ಅಜ್ಜಿಯ ಕೈಯನ್ನು ಎರಡನೆಯ ಸಲ ಮುಚ್ಚಿದಂತೆ. ಹಾಗೇ ಬಿಟ್ಟರೆ ಇನ್ನೆರಡು ಮಳೆಗೆ ಪುಡಿ. ನಾಲ್ಕು ದಿನ ಅದರ ಪಕ್ಕದಲ್ಲೇ ಕೂತು ಬೇರೆ ಕೆಲಸ ಮಾಡಿದಳು. ಐದನೆಯ ದಿನ ಹೊಸ ಬಟ್ಟೆಗೆ ಅಕ್ಕಿಗಂಜಿ ಹಚ್ಚಿ, ಒಣಗಿಸಿ, ಕವಡೆಯಿಂದ ತಿಕ್ಕಿ ನುಣುಪು ಮಾಡಿದಳು. ಆಮೇಲೆ ಅಣ್ಣನ ಬಿದಿರ ಲೇಖನಿ ಕೇಳಿದಳು.

ಸುಮರ ಕೊಟ್ಟ, ಆದರೆ ಬಾಯಿ ಸುಮ್ಮನಿರಲಿಲ್ಲ. "ಭೀಮನ ತೊಡೆ ದಪ್ಪ ಆಯ್ತು."

"ನರಕಕ್ಕೆ ಹೋಗೋನು. ಗಟ್ಟಿಯಾಗೇ ಇರ್ಲಿ."

"ಗೆರೆ ಉಸಿರು ಹಿಡಿದು ಎಳೀಬೇಕು ಕಣೇ, ಮಾತಾಡ್ತಾ ಅಲ್ಲ."

"ನೀನು ಮಾತಾಡಿಸ್ಬೇಡ ಹಾಗಾದ್ರೆ!"

ಎರಡು ತಿಂಗಳಲ್ಲಿ ಪಟ ಮುಗಿಯಿತು. ಹುಳ ಹಳದಿ, ಕಾಲಿಗೆ ಕಡಗ. ಈ ಸಲ ಕಡಗಕ್ಕೆ ಕಪ್ಪು ಅಂಚೂ ಇತ್ತು. ಪೂಜಾರಿ ಆ ಜಾಗದಲ್ಲಿ ತಡೆದು ನಿಂತರು. "ಇದು ಶಿಕ್ಷೆ ಅಲ್ವೇನಮ್ಮ?" ಎಂದರು.

"ಶಿಕ್ಷೆಯೇ, ಪೂಜಾರಿಗಳೇ. ಹಳೇದರಲ್ಲಿ ಹೇಗಿತ್ತೋ ಹಾಗೇ ಬರೆದಿದ್ದೀನಿ."

ಅವರು ಹಳೆಯ ಪಟಕ್ಕೆ ಮೂಗು ತಾಗುವಷ್ಟು ಬಗ್ಗಿ ನೋಡಿದರು. ಆಮೇಲೆ ಹೊಸ ಪಟವನ್ನು ತಾವೇ ಸುತ್ತಿಟ್ಟರು.

"ಹಳೇದನ್ನ ಸುಡೋಣ," ಎಂದಳು ರಿಂತಿ.

ಬೇಡವೆಂದವನು ಸುಮರ. "ಅವಳ ಕೈಕೆಲಸ ಉಳಿದಿರೋದು ಇದೊಂದೇ. ಪೆಟ್ಟಿಗೇಲಿ ಇಟ್ಕೋ."

"ಇಟ್ಕೊಂಡ್ರೆ ನಾನು ಸತ್ತ ಮೇಲೆ ಮತ್ತೆ ಇಲಿಗೇ. ಅವಳಿಗೆ ಸರಿಯಾಗಿ ಬೆಂಕಿ ಸಿಗಲಿಲ್ಲ ಅಣ್ಣ. ಇದಕ್ಕಾದ್ರೂ ಮಂತ್ರ ಹೇಳ್ಸಿ, ಹೆಸರು ಕೂಗ್ಸಿ ಸುಡೋಣ."

ಅವನು ತಲೆ ತಗ್ಗಿಸಿ, ನಡುಗುವ ಕೈಗಳನ್ನು ತೊಡೆಯ ನಡುವೆ ಒತ್ತಿಕೊಂಡ. "ಕಡ್ಡಿ ನಾನು ಗೀರ್ತೀನಿ," ಎಂದ.

ಗುಡಿಯ ಹಿಂದೆ ತೆಂಗಿನ ಸಿಪ್ಪೆಯ ಮೇಲೆ ಪಟ ಉರಿಯಿತು. ಪೂಜಾರಿ ಅಜ್ಜಿಯ ಪೂರ್ತಿ ಹೆಸರು ಹಿಡಿದು "ನಿ ಚೆನಿಕ್" ಎಂದು ಮೂರು ಸಲ ಗಟ್ಟಿಯಾಗಿ ಕೂಗಿದರು. ಎಷ್ಟೋ ವರ್ಷಗಳ ಬಣ್ಣ ಬೂದಿಯಾಗುವುದನ್ನು ನೋಡುತ್ತಿದ್ದ ರಿಂತಿಗೆ ಒಂದು ಕ್ಷಣ ತಪ್ಪು ಮಾಡಿದೆನೇ ಎನ್ನಿಸಿ ಕೈ ಮುಂದಾಯಿತು. ಅಷ್ಟರಲ್ಲಿ ಉರಿ ಇಳಿದಿತ್ತು. ಅಣ್ಣತಂಗಿ ಬೂದಿಯನ್ನು ಕ್ಲೋಟೋಕಿನ ಕಡಲಿಗೆ ಒಯ್ದು ಬಿಟ್ಟರು. ಅಲ್ಲೇ ಮರಳ ಮೇಲೆ ಕೂತು, ಕಟ್ಟಿ ತಂದ ಅನ್ನ, ಸುಟ್ಟ ಮೀನು ತಿಂದರು. ಮಧ್ಯಾಹ್ನದ ಹೊತ್ತಿಗೆ ಹಸಿವು ಜೋರಾಗಿತ್ತು, ಅವಳು ಯಾರೂ ಹೇಳದೆ ತಾನಾಗಿಯೇ ಎರಡು ಪೊಟ್ಟಣ ತಿಂದಳು.