ಆಯಿ ಮಾಡಿದ ಗುಬ್ಬಿ ಎಂಜಲು

ಮೊನ್ನೆ ಮೂಡಲಗಿ ಸಂತೆಯಿಂದ ತಂದ ಬೆಲ್ಲದ ಹೆಂಟೆ ಒಡೆಯುವಾಗ ಒಂದು ಚೂರು ಸಿಡಿದು ಮಡಿಲಿಗೆ ಬಿತ್ತು. ಹೊಸ ಬೆಲ್ಲದ ಆ ಘಮಕ್ಕೆ ಕೈ ನಿಂತೇಬಿಟ್ಟಿತು. ಮಸಗುಪ್ಪಿಯಲ್ಲಿ ನಮ್ಮ ಬಾಜೂ ಮನೆಯಲ್ಲಿದ್ದ ಆಯಿ ನೆನಪಾದಳು...

ಆಯಿ ಜೈನರ ಮುದುಕಿ, ನಾವು ಲಿಂಗವಂತರು. ನಡುವೆ ಒಂದೇ ಗೋಡೆ. ಅವಳ ಬಾಯಲ್ಲಿ ಸಣ್ಣದೆಲ್ಲವೂ ಗುಬ್ಬಿ. ಮೂರು ತುತ್ತಿಗೇ ಸಾಕೆನ್ನುವವರದು ಗುಬ್ಬಿ ಹೊಟ್ಟೆ, ಪಾದದ ಮೇಲೆ ಹಸಿ ಮಣ್ಣು ಮೆತ್ತಿ ನಾವು ಕಟ್ಟುತ್ತಿದ್ದುದು ಗುಬ್ಬಿ ಗೂಡು, ಅತ್ತೆಯ ಬಾಯಿಗೆ ಹೆದರುವ ಸೊಸೆ ಪಾಪದ ಗುಬ್ಬಿ. ನಾನಂತೂ ಇದ್ದ ಹೆಸರು ಕಳೆದುಕೊಂಡು ಬರೀ ಗುಬ್ಬಿಯೇ ಆಗಿದ್ದೆ. ಇನ್ನು ಗುಬ್ಬಿ ಎಂಜಲು ಗೊತ್ತಲ್ಲ? ತಿನಿಸಿಗೆ ಬಟ್ಟೆ ಸುತ್ತಿ ಕಚ್ಚಿ ಮುರಿದರೆ ಅದು ಎಂಜಲಲ್ಲ, ಅರ್ಧ ಇನ್ನೊಬ್ಬರಿಗೆ ಕೊಡಬಹುದು. ಮಕ್ಕಳ ಈ ಕಾನೂನನ್ನು ಮಾತ್ರ ಆಯಿ ಒಪ್ಪುತ್ತಿರಲಿಲ್ಲ. "ಅರಿವಿ ಸುತ್ತಿದ್ರ ಎಂಜಲ ಹೋಗ್ತೈತೇನ?" ಎಂದು ನಗುತ್ತಿದ್ದಳು. ನೇಮದಲ್ಲಿ ಅವಳು ಭಾರೀ ಖಡಕ್. ಹೊತ್ತು ಮುಳುಗಿದ ಮೇಲೆ ಹನಿ ನೀರನ್ನೂ ಬಾಯಿಗೆ ಹಾಕುತ್ತಿರಲಿಲ್ಲ.

ಪ್ಲೇಗು ಬಂದ ವರ್ಷ ಊರಿಗೆ ಊರೇ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿತು. ಅಲ್ಲಿಯೇ ಅವ್ವ ತೀರಿಕೊಂಡಳು. ನನಗಾಗ ಆರೋ ಏಳೋ... ಏನು ತಿಂದರೂ ಅವ್ವನೊಡನೆ ಗುಬ್ಬಿ ಎಂಜಲು ಮಾಡಿಯೇ ತಿನ್ನುವ ರೂಢಿ ನನ್ನದು. ಅರ್ಧ ತಿನ್ನುವವಳೇ ಹೋದ ಮೇಲೆ ನಾನು ಬಾಯಿ ಬಿಗಿದುಕೊಂಡೆ. ಅಪ್ಪ ಬೈದ, ಬೇಡಿಕೊಂಡ. ಮೂರನೆಯ ದಿನ ನನಗೆ ಎದ್ದು ಕೂರಲೂ ಆಗಲಿಲ್ಲ. ಇವಳೂ ಹೋಗುತ್ತಾಳೆಂದು ಅಪ್ಪ ತಲೆಗೆ ಕೈ ಹಚ್ಚಿ ಕುಳಿತ.

ಆಯಿ ಬೆಲ್ಲದ ಚೂರು ಹಿಡಿದು ಬಂದಾಗ ಆಗಷ್ಟೇ ಹೊತ್ತು ಮುಳುಗಿತ್ತು.

"ತಿನ್ನ ನನ್ನ ಗುಬ್ಬಿ, ಕೈ ಮುಗಿತೇನಿ."

"ನೀ ಅರ್ಧಾ ತಿಂದ್ರ ತಿಂತೇನಿ."

"ಹೊತ್ತ ಮುಣಗೇತಿ, ಆಯಿ ಹೆಂಗ ತಿಂತಾರ?" ಎಂದು ಅಪ್ಪ ಗದರಿದ.

ಆಯಿ ಒಮ್ಮೆ ಪಡುವಣದ ಕಡೆ ನೋಡಿದಳು. ಬೆಲ್ಲಕ್ಕೆ ಸೆರಗು ಸುತ್ತಿ, ಉಳಿದಿದ್ದ ನಾಲ್ಕು ಹಲ್ಲಿನಲ್ಲಿ ಕಟಕ್ಕನೆ ಕಚ್ಚಿದಳು. ಅರ್ಧ ನನ್ನ ಬಾಯಿಗಿಟ್ಟು ಇನ್ನರ್ಧ ತಾನು ನುಂಗಿದಳು. ನಾನೋ, ಅವಳ ಬಾಯಿ ತೆರೆಸಿ ನೋಡಿ ಖಾತ್ರಿ ಮಾಡಿಕೊಂಡೆ. ಎಂಥ ಹಟಮಾರಿ! ಆಮೇಲೆ ಹಾಲು ರೊಟ್ಟಿಯನ್ನೂ ಉಂಡೆ.

ಮರುದಿನದಿಂದ ಆಯಿ ಮೂರು ದಿನ ಉಪವಾಸ ಮಾಡಿದಳಂತೆ. "ಯಾಕ್ರಿ ಆಯಿ?" ಎಂದು ಅಪ್ಪ ಕೇಳಿದರೆ, "ನೇಮಾ ಮುರದೇನಿ, ಅದನ್ನ ನಾ ನೋಡ್ಕೋತೇನಿ. ಗುಬ್ಬಿ ಉಂಡ್ಳಲ್ಲ, ಸಾಕ. ಆಕಿಗಿ ಹೇಳಬ್ಯಾಡ" ಎಂದಳಂತೆ. ಅಪ್ಪ ಇದನ್ನು ನನಗೆ ಹೇಳಿದ್ದು ಆಯಿ ಸತ್ತು ಎಷ್ಟೋ ವರ್ಷಗಳಾದ ಮೇಲೆ. ನಾನು ಬಿಕ್ಕಿ ಬಿಕ್ಕಿ ಅತ್ತೆ. ಒಮ್ಮೆ ಅವಳ ಕಾಲು ಮುಟ್ಟುವುದೂ ಆಗಲಿಲ್ಲವಲ್ಲ ಎಂದು ಇಂದಿಗೂ ಸಂಕಟವಾಗುತ್ತದೆ.

ಈಗ ನನ್ನನ್ನು ಗುಬ್ಬಿ ಎಂದು ಕರೆಯುವವರು ಯಾರೂ ಉಳಿದಿಲ್ಲ. ಮೊಮ್ಮಕ್ಕಳಿಗೆ ಗುಬ್ಬಿ ಎಂದರೆ ಒಂದು ಹಕ್ಕಿ, ಅಷ್ಟೆ. ಮೊನ್ನೆ ಆ ಬೆಲ್ಲದ ಚೂರಿಗೆ ಸೆರಗು ಸುತ್ತಿ ಕಚ್ಚಿದೆ. ಅರ್ಧ ಬಾಯಲ್ಲಿ ಕರಗಿತು. ಇನ್ನರ್ಧ ಬಹಳ ಹೊತ್ತು ಕೈಯಲ್ಲೇ ಇತ್ತು...